ಸಲೋಮಿ ಕೂತಿರುವ ಊರು

ಮಾಸೂರಿಗೆ ಬಂದ ದಿನವೇ ನಾನು ಸತ್ತವರೊಬ್ಬರಿಗೆ ನಗುನಗುತ್ತಾ ಕೈಮುಗಿದೆ. ಊರ ಹೊರಗೆ ನಮ್ಮ ಚಕ್ಕಡಿಯನ್ನು ಬದಿಗೆ ನಿಲ್ಲಿಸಿದ್ದರು. ಎದುರಿನಿಂದ ಭಜನೆಯವರು, ಅವರ ಹಿಂದೆ ಹೂವಿನಿಂದ ಸಿಂಗರಿಸಿದ ಒಂದು ಮಂಟಪ. ಅದರೊಳಗೆ ರುಮಾಲು ಸುತ್ತಿ, ಹಣೆಯ ತುಂಬ ವಿಭೂತಿ ಬಳಿದ ಹಿರಿಯರೊಬ್ಬರು ನೆಟ್ಟಗೆ ಕೂತಿದ್ದರು. ಯಾರೋ ಗುರುಗಳ ಮೆರವಣಿಗೆ ಎಂದುಕೊಂಡು ಮಡಿಲಲ್ಲಿದ್ದ ಮಗಳ ಕೈಯನ್ನೂ ಹಿಡಿದು ಮುಗಿಸಿದೆ. ಚಕ್ಕಡಿಯವನು ತಿರುಗಿ ನೋಡಿ, "ಅಕ್ಕಾರ, ಅವ್ರು ತೀರ್ಕೊಂಡಾರ್ರೀ. ಮಣ್ಣಿಗೆ ಒಯ್ಯಾಕತ್ತಾರ" ಎಂದ.

ಮೂಲ್ಕಿಯ ಕಡೆಯ ನಿಮಗೆ ಇದನ್ನು ಬಿಡಿಸಿ ಹೇಳಬೇಕು. ನಾವು ಸತ್ತವರನ್ನು ಪೆಟ್ಟಿಗೆಯಲ್ಲಿ ಅಂಗಾತ ಮಲಗಿಸುತ್ತೇವೆ. ಇಲ್ಲಿನ ಲಿಂಗಾಯತರು ಕೂರಿಸುತ್ತಾರೆ. ಚೌಕನೆಯ ಕುಳಿ ತೋಡಿ, ಅದರ ಒಂದು ಬದಿಯಲ್ಲಿ ಗೂಡು ಕೊರೆದು, ಅದರೊಳಗೆ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮುಚ್ಚುತ್ತಾರೆ. ಆ ಕುಳಿಗೆ ಇಲ್ಲಿ ಗುಣಿ ಎನ್ನುತ್ತಾರೆ. ಅಂದು, "ಎಂಥಾ ಊರಿಗೆ ತಂದು ಹಾಕಿದಿರಿ ನನ್ನನ್ನು!" ಎಂದು ಯಜಮಾನರೊಡನೆ ಜಗಳ ತೆಗೆದೆ. ಅವರು ಮಿಶನ್ ಶಾಲೆಯ ಮಾಸ್ತರು, ಕಳಿಸಿದಲ್ಲಿಗೆ ಹೋಗಬೇಕಾದವರು, ಪಾಪ.

ಅದು ಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ. ಘಟ್ಟ ಹತ್ತಿ, ಮೈಸೂರು ಸೀಮೆ ದಾಟಿ, ಮುಂಬಯಿ ಪ್ರಾಂತದ ಈ ಮೂಲೆಗೆ ಬಂದಿದ್ದೆವು. ಕನ್ನಡವಾದರೂ ಒಂದೇ ತಾನೆ ಎಂದುಕೊಂಡಿದ್ದೆ. ಇಲ್ಲಿ ಶಾಲೆ 'ಸಾಲಿ', ಆಸ್ಪತ್ರೆ 'ದವಾಖಾನೆ'. ನಾನು ಬಾಯಿ ತೆರೆದರೆ ಓಣಿಯ ಹೆಂಗಸರು ಬಾಯಿಗೆ ಸೆರಗು ಮುಚ್ಚಿಕೊಂಡು ನಗುವರು. ಮದಗದ ಕೆರೆಯ ಕೆಳಗೆ ಕಣ್ಣು ಹಾಯುವವರೆಗೂ ಭತ್ತ, ಆದರೆ ತಟ್ಟೆಗೆ ಬೀಳುವುದು ಜೋಳದ ರೊಟ್ಟಿ. ಕುಚ್ಚಲಕ್ಕಿ ಗಂಜಿಗೂ ಒಣಮೀನಿಗೂ ಹಂಬಲಿಸಿ ನನ್ನ ನಾಲಿಗೆಯೇ ಬಾಡಿತು.

ನಮಗೆ ಬಿಡಾರ ಕೊಟ್ಟವರು ಬಸಪ್ಪ ಮತ್ತು ಅವನ ಹೆಂಡತಿ ನೀಲವ್ವ, ಒಕ್ಕಲುತನದ ಲಿಂಗಾಯತರು. ಅವರ ಮನೆಗೆ ಅಂಟಿಕೊಂಡಿದ್ದ ಎರಡು ಕೋಣೆ. ಮೀನು ಮಾಂಸ ಬೇಯಿಸಬಾರದು ಎಂಬುದೊಂದೇ ಷರತ್ತು. ನಾನು ರೊಟ್ಟಿ ಬಡಿಯಲು ಕೂತ ಮೊದಲ ದಿನ ನೀಲವ್ವ ಬಾಗಿಲಲ್ಲಿ ನಿಂತು, "ಅಕ್ಕಾರ, ರೊಟ್ಟಿ ಬಡಿಯಾಕತ್ತೀರೋ, ಅತ್ತಿ ಮ್ಯಾಲಿನ ಸಿಟ್ಟು ತೀರಸ್ಕೊಳ್ಳಾಕತ್ತೀರೋ?" ಎಂದಳು. ಹರಿಯದ ಮೊದಲ ರೊಟ್ಟಿಯನ್ನು ನಾನು ಓಣಿಗೆಲ್ಲ ತೋರಿಸಿ ಬಂದೆ. ತಿಂದವಳು ಮಗಳು, ಬೆಣ್ಣೆ ಸವರಿಕೊಂಡು.

ಮಗಳ ಹೆಸರು ಸಲೋಮಿ. ನೀಲವ್ವನ ಬಾಯಲ್ಲಿ ಅದು ಸಾಲವ್ವ ಆಯಿತು. ಮಾತು ಕಲಿಯುವ ವಯಸ್ಸು ನೋಡಿ, ನಾನು ತಿಣುಕಿ ಕಲಿತ ಭಾಷೆ ಅವಳಿಗೆ ಆಡುತ್ತಾ ಬಂತು. "ಅವ್ವಾ, ಹಸದೈತಿ" ಎನ್ನುವಳು. "ಅಮ್ಮಾ ಅನ್ನೇ" ಎಂದು ಗದರಿದರೆ, "ಆತು ತಗೋ ಅವ್ವಾ" ಎನ್ನುವಳು.

ಸಂಜೆಯ ಪ್ರಾರ್ಥನೆಗೆ ಯಜಮಾನರು ನೂರನಲವತ್ತೇಳನೆಯ ಕೀರ್ತನೆಯನ್ನೇ ಹೆಚ್ಚಾಗಿ ಓದುತ್ತಿದ್ದರು. ಅದು ಸ್ತೋತ್ರದ ಕೀರ್ತನೆ. ಚದರಿಹೋದವರನ್ನು ದೇವರು ಕೂಡಿಸುತ್ತಾನೆ, ಎದೆಯೊಡೆದವರ ಗಾಯ ಕಟ್ಟುತ್ತಾನೆ, ನಕ್ಷತ್ರಗಳನ್ನು ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಾನೆ ಎನ್ನುತ್ತದೆ. ಕೂಗುವ ಕಾಗೆಮರಿಗೂ ಉಣ್ಣಲು ಕೊಡುತ್ತಾನಂತೆ. ಸಲೋಮಿಗೆ ಆ ಕಾಗೆಯ ಮಾತು ಬಂದರೆ ಸಾಕು, "ಕಾಗಿಮರಿ, ಕಾಗಿಮರಿ" ಎಂದು ಕುಣಿತ. ಹೊಸ್ತಿಲಾಚೆ ಕೂತು ಕೇಳುತ್ತಿದ್ದ ನೀಲವ್ವ, "ನಿಮ್ಮ ದೇವ್ರು ಕಾಗಿಗೆ ಕಾಳು ಹಾಕ್ತಾನಂದ್ರ, ಅವು ನಮ್ಮ ಹೊಲಕ್ಕ ಯಾಕ ಬರ್ತಾವ್ರೀ?" ಎಂದು ಕಾಡಿಸುವಳು. ಮುಂದೆ ಇನ್ನೊಂದು ಮಾತಿದೆ: ಆತನು ನಿನ್ನ ಬಾಗಿಲ ಅಗಳಿಯನ್ನು ಭದ್ರಪಡಿಸಿ ಒಳಗಿರುವ ಮಕ್ಕಳನ್ನು ಹರಸುತ್ತಾನೆ ಎಂದು. ಪರಸ್ಥಳದಲ್ಲಿ ಆ ಮಾತಿಗೆ ನಾನು ಜೋತುಬಿದ್ದಿದ್ದೆ.

ಅಗಳಿ ಭದ್ರವಾಗಿಯೇ ಇತ್ತು. ಬೇನೆ ಬಾಗಿಲಿನಿಂದ ಬರಲಿಲ್ಲ, ಮಗುವಿನ ಗಂಟಲಿನಲ್ಲಿ ಬಂತು. ಬಸಪ್ಪ ಚಕ್ಕಡಿ ಕಟ್ಟಿಕೊಂಡು ಹಿರೇಕೆರೂರಿನ ದವಾಖಾನೆಗೆ ಕರೆದೊಯ್ದ. ಔಷಧ ಕೊಟ್ಟರು, ಬೇನೆ ಇಳಿಯಲಿಲ್ಲ. ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಕೂರಿಸಿ ನನ್ನ ಎದೆಗೆ ಒರಗಿಸಿಕೊಂಡರೆ ಮಾತ್ರ ಸ್ವಲ್ಪ ಕಣ್ಣು ಮುಚ್ಚುವಳು. ತುಸು ವಾಲಿಸಿದರೂ, "ಮಲಗ್ಸಬ್ಯಾಡ ಅವ್ವಾ" ಎಂದು ಕತ್ತು ಹಿಡಿದುಕೊಳ್ಳುವಳು. ಹಗಲೂ ರಾತ್ರಿ ಹಾಗೆಯೇ ಕೂತೆವು. ಒಂದು ಬೆಳಗ್ಗೆ, ಕೂತಲ್ಲೇ, ನನ್ನ ಎದೆಗೆ ಒರಗಿಯೇ ಹೋಗಿಬಿಟ್ಟಳು. ಅಯ್ಯೋ, ನನ್ನ ಕೂಸೇ!

ನಮ್ಮವರ ಸ್ಮಶಾನ ಈ ಊರಲ್ಲಿ ಇಲ್ಲ. ಬಸಪ್ಪ ಯಾರನ್ನೂ ಕೇಳದೆ ತನ್ನ ಹೊಲದ ಬದುವಿನಲ್ಲಿ ತಾನೇ ಗುಣಿ ತೋಡಿಟ್ಟಿದ್ದ. ನಾವು ಹೋಗಿ ನೋಡಿದರೆ ಚೌಕನೆಯ ಗುಣಿ, ಒಳಗೆ ಪುಟ್ಟ ಗೂಡು! ಯಜಮಾನರು ಮೆಲ್ಲಗೆ, "ಬಸಪ್ಪಾ, ನಾವು ಮಲಗಿಸುತ್ತೇವಪ್ಪ" ಎಂದರು. ಅವನ ಮುಖ ಕಪ್ಪಿಟ್ಟಿತು. ಗುದ್ದಲಿ ಕೆಳಗಿಟ್ಟು, "ತಪ್ಪಾತ್ರೀ ಮಾಸ್ತರ. ಸಾಬರು ಮಲಗಸ್ತಾರ, ನಾವು ಕುಂಡ್ರಸ್ತೇವಿ. ಸಾಲವ್ವ ನಮ್ಮಾಕಿ ಅಂತ ಕೈ ತಾನ ತೋಡಿಬಿಡ್ತು. ಈಗ ಉದ್ದಕ ಮಾಡ್ತೇನಿ, ನಿಂದರ್ರಿ" ಎಂದ.

"ಬೇಡ," ಎಂದೆ. "ಕೂತೇ ಇರಲಿ. ಮಲಗಿದರೆ ಅವಳಿಗೆ ಉಸಿರು ಕಟ್ಟುತ್ತದೆ."

ಸತ್ತ ಮಗುವಿಗೆ ಯಾವ ಉಸಿರು ಎಂದು ಯಾರೂ ಕೇಳಲಿಲ್ಲ. ಯಜಮಾನರು ನನ್ನ ಮುಖವನ್ನೇ ನೋಡಿ, ಕೊನೆಗೆ ತಾವೇ ಗುಣಿಗೆ ಇಳಿದು ಅವಳನ್ನು ಗೂಡಿನಲ್ಲಿ ಒರಗಿಸಿದರು. ನೀಲವ್ವ ಅಳುತ್ತಲೇ, "ಮಾಸ್ತರ, ಕೂಸಿಗೆ ಆ ಕಾಗಿಮರಿದು ಓದ್ರಿ" ಎಂದಳು. ಓದಿದರು. ಅಗಳಿಯ ಮಾತು ಬಂದಾಗ ಅದನ್ನೊಂದನ್ನು ಬಿಟ್ಟು ಮುಂದಕ್ಕೆ ಹೋದರು. ಇವತ್ತಿಗೂ ಬಿಟ್ಟೇ ಓದುತ್ತಾರೆ.

ಸುದ್ದಿ ತಿಳಿದು ನಿಮ್ಮಲ್ಲಿ ಕೆಲವರು, ಕ್ರೈಸ್ತರ ಮಗುವನ್ನು ಹಾಗೆ ಮಣ್ಣು ಮಾಡಬಹುದೇ ಎಂದು ಕೇಳಿದಿರಂತೆ. ಕೇಳಿ. ದೇವರನ್ನು ಕೊಂಡಾಡುವುದು ಒಳ್ಳೆಯದು ಎಂದು ಆ ಕೀರ್ತನೆ ಶುರುವಾಗುತ್ತದೆ. ಯಾರಿಗೆ ಒಳ್ಳೆಯದು ಎಂದು ನಾನೂ ಆತನನ್ನು ದಿನಾ ಕೇಳುತ್ತಿದ್ದೇನೆ. ಕಾಗೆಮರಿಯ ಕೂಗು ಕೇಳಿದವನಿಗೆ ನನ್ನ ಮಗುವಿನ ಕೂಗು ಯಾಕೆ ಕೇಳಲಿಲ್ಲ? ಸಿಟ್ಟಿದೆ ನನಗೆ, ಮುಚ್ಚಿಡುವುದಿಲ್ಲ. ಆದರೂ ಪ್ರಾರ್ಥನೆ ಬಿಟ್ಟಿಲ್ಲ, ಜಗಳಕ್ಕಾದರೂ ಆತನ ಮುಂದೆ ಕೂರಲೇಬೇಕಲ್ಲ. ನಕ್ಷತ್ರಗಳ ಮಾತು ಬಂದಾಗ ಮನಸ್ಸಿನಲ್ಲೇ ಹೇಳುತ್ತೇನೆ: ಅವಳನ್ನು ಕರೆಯುವುದಾದರೆ ಸಾಲವ್ವ ಎಂದು ಕರೆ ಸ್ವಾಮಿ, ಆ ಹೆಸರಿಗೆ ಬೇಗ ಓಗೊಡುತ್ತಾಳೆ.

ಈ ವರ್ಷ ಮಿಶನಿನವರು ಕನಿಕರಪಟ್ಟು ಯಜಮಾನರಿಗೆ ಮೂಲ್ಕಿಗೆ ವರ್ಗ ಕೊಟ್ಟರು. ಘಟ್ಟ ಹತ್ತಿದಂದಿನಿಂದ ನಾನು ಬೇಡಿಕೊಂಡದ್ದು ಅದನ್ನೇ. ಬಂದಾಗ ನಾನೇ ಬೇಡವೆಂದೆ. ಗುಣಿಯ ಮೇಲೆ ಈಗ ಹುಲ್ಲು ಬಂದಿದೆ. ಕೆರೆ ತುಂಬಿದ ವರ್ಷ ಅಲ್ಲಿ ನೀರು ನಿಲ್ಲುತ್ತದೋ ಏನೋ, ನೋಡುವವರು ಬೇಕು. ನೀಲವ್ವ ಇದ್ದಾಳೆ, ನಿಜ. "ಹೋಗ್ರಿ ಅಕ್ಕಾರ, ನಾ ನೋಡ್ಕೋತೇನಿ" ಎಂದೂ ಹೇಳಿದಳು. ಆದರೆ ಮಗುವೊಂದನ್ನೇ ಬಿಟ್ಟು ಗಾಡಿ ಹತ್ತಲು ನನ್ನ ಕಾಲು ಏಳುವುದಿಲ್ಲ. ಯಜಮಾನರು ವರ್ಗ ಬೇಡವೆಂದು ಬರೆದು ಹಾಕಿದರು.

ನನ್ನನ್ನು ಕರೆದೊಯ್ಯಲೆಂದೇ ಅಮ್ಮ ತಮ್ಮನ ಜೊತೆ ಬಂದಳು. ಘಟ್ಟ ಹತ್ತಿದ್ದು ಅವಳ ಜೀವಮಾನದಲ್ಲಿ ಅದೇ ಮೊದಲು. ಹೊಲದ ಬದುವಿಗೆ ಕರೆದುಕೊಂಡು ಹೋದೆ. ಹುಲ್ಲು ಸವರುತ್ತಾ ಬಹಳ ಹೊತ್ತು ಕೂತಳು. ಕೂರಿಸಿದ್ದು ಯಾಕೆಂದು ಹೇಳಿದಾಗ, "ಒಳ್ಳೆಯದು ಮಾಡಿದಿ" ಎಂದಳು. ಮನೆಗೆ ಬಾ ಎಂದು ಒಂದು ಸಲವೂ ಬಾಯಿಬಿಡಲಿಲ್ಲ. ನೀಲವ್ವ ಹಾಲಿನಲ್ಲಿ ನೆನೆಸಿಕೊಟ್ಟ ರೊಟ್ಟಿ ತಿಂದಳು, ಪ್ರಾರ್ಥನೆಗೆ ಕೂತಳು. ಚದರಿಹೋದವರನ್ನು ಕೂಡಿಸುತ್ತಾನೆ ಎಂದು ಅಳಿಯ ಓದುವಾಗ ತಲೆ ತಗ್ಗಿಸಿದವಳು ಮತ್ತೆ ಎತ್ತಲಿಲ್ಲ.

ಹೊರಡುವ ಬೆಳಗ್ಗೆ ಬಸ್ಸಿನವರೆಗೆ ಕಳಿಸಲು ಹೋದೆ. ತಮ್ಮ ಗಂಟು ಮೇಲೆ ಹಾಕುತ್ತಿದ್ದ. ಅಮ್ಮ ನನ್ನ ಕೈ ಹಿಡಿದು, ನಮ್ಮ ತುಳುವಿನಲ್ಲಿ, ಯಾರಿಗೂ ಕೇಳಿಸದ ಹಾಗೆ ಹೇಳಿದಳು:

"ನಿನ್ನ ಮಗಳಿಗೆ ತಾಯಿ ಬೇಕು ಅಂತ ನೀನು ಇಲ್ಲಿ ಕೂತಿದ್ದಿ. ನನಗೆ ಮಗಳು ಬೇಡವಾ?"