ಕುರ್ಚಿಗೆ ಹೋದ ಮೊದಲ ಚೆಂಡಿನ ಟವೆಲ್

ಎಪ್ಪತ್ತೊಂಬತ್ತರ ಶಿವರಾತ್ರಿ ಕಳೆದ ಮೇಲೆ ನ್ಯಾಮತಿಯ ವಾಲಿಬಾಲ್ ತಂಡದ ಜೊತೆ ಜಗಳೂರಿಗೆ ಹೊರಟೆ. ನಾನು ಹೊನ್ನಾಳಿಯವನು, ಆಡಲು ಬಾರದು, ನೋಡುವ ಚಟ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಊರುಗಳ ಪಂದ್ಯಗಳು ಪ್ರತಿ ವರ್ಷ ಶುರುವಾಗುತ್ತಿದ್ದುದು ನ್ಯಾಮತಿಯಲ್ಲಿ. ಮೊದಲ ಚೆಂಡು ಹಾಕುತ್ತಿದ್ದವರು ನ್ಯಾಮತಿ ತಂಡ ಕಟ್ಟಿದ ಬಸವಣ್ಯಪ್ಪನವರು. ಅದನ್ನು ಯಾರೂ ಹೊಡೆಯುವಂತಿರಲಿಲ್ಲ. ಎದುರು ತಂಡದ ಕ್ಯಾಪ್ಟನ್ ಹೊಸ ಬಿಳಿ ಟವೆಲ್ ಚಾಚಿ ಹಿಡಿದು, ಕಣ್ಣಿಗೊತ್ತಿಕೊಂಡು ಚೆಂಡನ್ನು ವಾಪಸ್ ಕೊಡಬೇಕು. ಟವೆಲ್ ಅವನಿಗೇ. ಆಮೇಲೆ ಆಟ.

ಆ ವರ್ಷ ಜಗಳೂರಿನವರು ಕುರ್ಚಿ, ಮೈಕು, ಮುಖ್ಯ ಅತಿಥಿ ಎಲ್ಲ ಮಾಡುತ್ತೇವೆಂದು ಉದ್ಘಾಟನೆಯನ್ನು ತಮ್ಮೂರಿಗೆ ಒಯ್ದಿದ್ದರು. ಮೊದಲ ಚೆಂಡು ಮಾತ್ರ ಬಸವಣ್ಯಪ್ಪನವರದೇ ಎಂದು ಮಾತು ಕೊಟ್ಟಿದ್ದರು.

ನಾನು ಹೊನ್ನಾಳಿಯಲ್ಲಿ ಹತ್ತಿದಾಗಲೇ ಬಸ್ಸು ತಡವಾಗಿತ್ತು. ಬಸವಣ್ಯಪ್ಪನವರ ತೊಡೆಯ ಮೇಲೆ ಕಾಗದದಲ್ಲಿ ಸುತ್ತಿದ ಟವೆಲ್ ಇತ್ತು.

"ಅಜ್ಜಾರೆ, ಚೀಲದಾಗ ಇಡ್ರಿ" ಎಂದ ನ್ಯಾಮತಿಯ ಕ್ಯಾಪ್ಟನ್ ಮಂಜಪ್ಪ.

"ಮಡಿಕೆ ಕೆಡತೈತೆ."

"ಕೈ ನೋವು ಹೆಂಗೈತೆ?"

"ಕೈ ಇಟ್ಕಂಡಿರೋದೇ ಈ ಒಂದು ಚೆಂಡಿಗೆ ಕಣಪ್ಪ."

ದಾವಣಗೆರೆಯಲ್ಲಿ ಬಸ್ಸು ಬದಲಿಸಬೇಕಿತ್ತು. ಒಂದು ಬಸ್ಸು ಬರಲೇ ಇಲ್ಲ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಕಾದೆವು. ಕೊನೆಗೆ ಬಂದ ಬಸ್ಸಿನ ಕಂಡಕ್ಟರು, ಬೇಡವೆಂದರೂ ಕೇಳದೆ, ಸುತ್ತಿಟ್ಟ ನೆಟ್ಟಿಗೂ ಲಗೇಜು ಟಿಕೆಟ್ ಹರಿದ.

ಜಗಳೂರಿನ ಮೈದಾನದಲ್ಲಿ ಬಿಸಿಲು, ಕೆಂಪು ಧೂಳು, 'ಹಲೋ ಹಲೋ' ಎನ್ನುವ ಮೈಕು. ಎದೆಗೆ ಬ್ಯಾಡ್ಜ್ ಚುಚ್ಚಿಕೊಂಡಿದ್ದ ಕಾರ್ಯದರ್ಶಿ ಎದುರಿಗೆ ಬಂದರು.

"ಮುಖ್ಯ ಅತಿಥಿಗಳು ಹಾಕಿದ ಮ್ಯಾಲೆ ನಿಮ್ಮದು ರೀ ಯಜಮಾನ್ರೆ."

"ಮಾತು ಕೊಟ್ಟಿದ್ರಲ್ಲ."

"ಇಲ್ಲ ಅಂದ್ನಾ? ಅವರದು ಆದ ಕೂಡಲೇ ನಿಮ್ಮದೇ."

"ಎರಡನೇದಕ್ಕೆ ನಿಮ್ಮೂರಾಗ ಮೊದಲನೇದು ಅಂತಾರೇನ್ರಿ?"

ಅತಿಥಿಗಳು ಬರಲಿಲ್ಲ. ಜನ ಶಿಳ್ಳೆ ಹಾಕತೊಡಗಿದರು. ಬಿಸಿಲು ಇಳಿಯುತ್ತ ಬಂದಾಗ ಕಾರ್ಯದರ್ಶಿಯೇ ಓಡಿಬಂದು, "ನೀವೇ ಹಾಕಿಬಿಡ್ರಿ. ಟವೆಲ್ ಇತ್ಲಾಗ ಕೊಡ್ರಿ, ನಮ್ಮ ಕ್ಯಾಪ್ಟನ್ನಿಗೆ ನಾನೇ ಹೇಳ್ತೀನಿ" ಎಂದರು. ಬಸವಣ್ಯಪ್ಪನವರು ಮಡಿಕೆ ಕೆಡದಂತೆ ಎರಡೂ ಕೈಯಲ್ಲಿ ಕೊಟ್ಟರು. ಕಾರ್ಯದರ್ಶಿ ಅದನ್ನು ಹಿಡಿದು ವೇದಿಕೆಯ ಕಡೆ ನಡೆದದ್ದನ್ನು ಕಂಡೆ. ಅಲ್ಲಿಂದ ಅಂಕಣಕ್ಕೆ ಬರುತ್ತಾರೆಂದುಕೊಂಡೆ.

ಬಸವಣ್ಯಪ್ಪನವರು ಪಂಚೆ ಎತ್ತಿ ಕಟ್ಟಿ, ಚೆಂಡನ್ನು ಹಣೆಗೆ ಮುಟ್ಟಿಸಿ, ಕೆಳಗಿನಿಂದ ಹೊಡೆದರು. ಚೆಂಡು ನೆಟ್ ದಾಟಿತು. ನ್ಯಾಮತಿಯ ಹುಡುಗರು ವಾಡಿಕೆಯಂತೆ ಕೈ ಇಳಿಬಿಟ್ಟು ನಿಂತರು. ಆಚೆ ಒಬ್ಬ ಚೆಂಡನ್ನು ಎತ್ತಿಕೊಟ್ಟ. ಜಗಳೂರಿನ ಕ್ಯಾಪ್ಟನ್ ಹಾರಿ ಬಡಿದ. ಅದು ಬಸವಣ್ಯಪ್ಪನವರ ಕಾಲ ಬಳಿಯೇ ಬಿದ್ದು ಧೂಳು ಎಬ್ಬಿಸಿತು. ರೆಫರಿ ಸೀಟಿ ಊದಿ, "ಸರ್ವಿಸ್ ಬದಲು" ಎಂದರು. ಜನ ನಕ್ಕರು.

"ಯಾಕ್ರೋ, ಒಬ್ಬರೂ ಎತ್ತಲಿಲ್ಲ?" ಎಂದು ಆ ಕ್ಯಾಪ್ಟನ್ ನಿಜವಾಗಿಯೂ ತಿಳಿಯದೆ ಕೇಳಿದ. ಆ ವರ್ಷವೇ ಕಟ್ಟಿದ ಹೊಸ ಹುಡುಗರ ತಂಡ ಅದು, ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಮಂಜಪ್ಪ ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡು ನೆಟ್ಟಿನಡಿ ನುಸುಳಿ ಬಂದ. "ತಪ್ಪಾತು ಅಜ್ಜಾರೆ, ಇನ್ನೊಂದು ಹಾಕ್ರಿ."

"ಇನ್ನೊಂದು ಎರಡನೇದಾಗತೈತೆ, ಮಗಾ. ಆಡ್ರಿ."

ಆಟ ಬಿಸಿಯೇರುವಾಗ ಅತಿಥಿಗಳ ಜೀಪು ಬಂತು. ಆಟ ನಿಲ್ಲಿಸಿದರು. ಅತಿಥಿಗಳು ಹಾಕಿದ ಚೆಂಡು ನೆಟ್ಟಿಗೆ ಬಡಿಯಿತು, ಚಪ್ಪಾಳೆ ಬಿತ್ತು. ಮೈಕಿನಲ್ಲಿ "ಪಂದ್ಯಾವಳಿಯ ಮೊದಲ ಚೆಂಡು" ಎಂದರು. ಅತಿಥಿಗಳು ಹೋಗಿ ದೊಡ್ಡ ಕುರ್ಚಿಯಲ್ಲಿ ಒರಗಿದರು. ಟವೆಲ್ ಆ ಕುರ್ಚಿಯ ಬೆನ್ನ ಮೇಲಿತ್ತು.

ಪಂದ್ಯವನ್ನು ನ್ಯಾಮತಿ ಗೆದ್ದಿತು. ಮಂಜಪ್ಪ ಕುರ್ಚಿಯಿಂದ ಟವೆಲ್ ಎಳೆದು ತಂದ. ನಡುವೆ ತಲೆಯೆಣ್ಣೆಯ ಕಲೆ.

"ತೊಳೆದರೆ ಹೋಗುತ್ತದೆ" ಎಂದೆ, ವಾಪಸ್ ಬಸ್ಸಿನಲ್ಲಿ.

"ಹೋಗತೈತೆ" ಎಂದರು ಬಸವಣ್ಯಪ್ಪನವರು. ಕಿಟಕಿಯ ಗಾಳಿ ಜೋರಾಗಿತ್ತು. ಟವೆಲ್ ಕೊಡವಿ ತಲೆಗೆ ಸುತ್ತಿಕೊಂಡರು. ಹೊನ್ನಾಳಿಯಲ್ಲಿ ಇಳಿದು ತಿರುಗಿ ನೋಡಿದೆ. ಬಸ್ಸು ನ್ಯಾಮತಿಯ ಕಡೆ ಹೊರಟಿತ್ತು. ಅವರು ಅದನ್ನೇ ಸುತ್ತಿಕೊಂಡು ನಿದ್ದೆ ಹೋಗಿದ್ದರು.