ಅಮ್ಮ ಒಂದೇ ಡಬ್ಬಿಗೆ ಹಾಕಿಟ್ಟ ಎರಡು ಹರಳು

ಭಾನುವಾರ ನನ್ನ ಟೇಬಲ್ ಒರೆಸಿದ ಅಮ್ಮ, ಎರಡು ಪುಟ್ಟ ಡಬ್ಬಿಗಳಲ್ಲಿದ್ದ ಎರಡು ಹರಳುಗಳನ್ನು ಒಂದೇ ಡಬ್ಬಿಗೆ ಹಾಕಿಟ್ಟರು.

"ಎರಡೂ ಒಂದೇ ಥರ ಇತ್ತಲ್ಲೇ... ಅದಕ್ಕೆ ಒಟ್ಟಿಗೆ ಹಾಕ್ದೆ."

ನಾನು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ.

ತಪ್ಪು ನನ್ನದೇ. ಲ್ಯಾಬಿನ ಸ್ಯಾಂಪಲ್ಲನ್ನು ಯಾರಾದರೂ ಇಟ್ಟಮಡುವಿನ ಮನೆಗೆ ತರುತ್ತಾರೆಯೇ? ಸೋಮವಾರ ಬೆಳಿಗ್ಗೆ ಬೇರೊಂದು ಸಂಸ್ಥೆಯಲ್ಲಿ ಅಳತೆಗೆ ಸ್ಲಾಟ್ ಸಿಕ್ಕಿತ್ತು, ಮನೆಯಿಂದಲೇ ಹೋಗೋಣವೆಂದು ತಂದಿದ್ದೆ.

ಒಂದು, ಸೀರಿಯಂ ಮತ್ತು ಇಂಡಿಯಂ ಸೇರಿಸಿ ಬೆಳೆಸಿದ ಶುದ್ಧ ಹರಳು. ಇನ್ನೊಂದರಲ್ಲಿ ಒಂದಷ್ಟು ಇಂಡಿಯಂ ಬದಲು ತವರ ಬೆರೆಸಿದ್ದೆ. ಆರು ತಿಂಗಳು ಒದ್ದಾಡಿ ಬೆಳೆಸಿದ್ದು ಅದೊಂದೇ, ನನ್ನ ಪಿಎಚ್‌ಡಿ ನಿಂತಿರುವುದೂ ಅದರ ಮೇಲೆಯೇ.

ಇವುಗಳೊಳಗೆ ಎಲೆಕ್ಟ್ರಾನುಗಳು ವಿಪರೀತ ಭಾರವಾದಂತೆ ಚಲಿಸುತ್ತವೆ. ಹಬ್ಬದ ಹಿಂದಿನ ದಿನ ಜಯನಗರ ಫೋರ್ತ್ ಬ್ಲಾಕಿನ ಜನಜಂಗುಳಿಯಲ್ಲಿ ನಾವು ನಡೆಯುತ್ತೇವಲ್ಲ, ಹಾಗೆ.

ಶುದ್ಧ ಹರಳನ್ನು ಸುಮಾರು ಮೈನಸ್ 263 ಡಿಗ್ರಿ, ಅಂದರೆ ಹತ್ತು ಕೆಲ್ವಿನ್‌ವರೆಗೆ ತಣ್ಣಗಾಗಿಸಿದರೆ ಒಳಗಿನ ಪುಟ್ಟ ಆಯಸ್ಕಾಂತಗಳು ಒಂದು ಮೇಲಕ್ಕೆ, ಒಂದು ಕೆಳಕ್ಕೆ ಮುಖ ಮಾಡಿ ಸಾಲಾಗಿ ನಿಲ್ಲುತ್ತವೆ. ವಿದ್ಯುತ್ ರೋಧದ ಗ್ರಾಫಿನ ಗೆರೆ ಅಲ್ಲಿ ಥಟ್ಟನೆ ಬಾಗುತ್ತದೆ. ತವರ ಬೆರೆಸಿದ್ದರಲ್ಲಿ ಅದು ಅಲ್ಲಿ ಬಾಗಬಾರದು.

ಕಣ್ಣಿಗೆ ಮಾತ್ರ ಎರಡೂ ಬೂದು ಬಣ್ಣದ ಚೂರುಗಳೇ.

ಸೋಮವಾರ ಒಂದೇ ಹರಳಿಗೆ ಅವಕಾಶ. ದೇವರ ಮೇಲೆ ಭಾರ ಹಾಕಿ ಒಂದನ್ನು ಆರಿಸಿದೆ. ಕೂದಲಿಗಿಂತ ತೆಳುವಾದ ಚಿನ್ನದ ತಂತಿಗಳನ್ನು ಅಂಟಿಸಿ, ತಣ್ಣಗಾಗಿಸುವ ಯಂತ್ರದೊಳಗೆ ಇಳಿಸಿದೆ.

ನೂರು... ಐವತ್ತು... ಇಪ್ಪತ್ತು...

ಪಂಪ್ ಗುಂಯ್‌ಗುಡುತ್ತಿದೆ. ನೋಡುತ್ತಾ ನೋಡುತ್ತಾ ನಾನೂ ಆ ತಣ್ಣನೆಯ ಕತ್ತಲೊಳಗೆ ನಿಧಾನವಾಗಿ ಇಳಿಯುತ್ತಿದ್ದೇನೆ. ಅಲ್ಲಿ ಯಾರಿಗೂ ಅವಸರವಿಲ್ಲ. ಸೀರಿಯಂ ಪರಮಾಣುಗಳೆಲ್ಲ ತಿರುಗಲೋ ಬೇಡವೋ ಎಂದು ಯೋಚಿಸುತ್ತಾ ನಿಂತಿವೆ. ತಿರುಗಬೇಡಿ ಪ್ಲೀಸ್, ಎನ್ನುತ್ತಿದ್ದೇನೆ.

ಹತ್ತು.

ಗೆರೆ ಬಾಗಿತು.

ಹಾಕಿದ್ದು ಶುದ್ಧ ಹರಳನ್ನು. ಮುಂದಿನ ಸ್ಲಾಟ್ ಇನ್ನೆರಡು ತಿಂಗಳಿಗೆ. ಹೊರಗೆ ಬಂದು ಅತ್ತುಬಿಟ್ಟೆ, ಆಮೇಲೆ ಅಮ್ಮನಿಗೆ ಫೋನ್ ಮಾಡಿದೆ.

"ಹಾಳಾಯ್ತೇನೇ?"

"ಇಲ್ಲಮ್ಮ, ತವರ ಇಲ್ದಿರೋದನ್ನ ಹಾಕ್ಬಿಟ್ಟೆ."



"ಹಂಗಾದ್ರೆ ಡಬ್ಬೀಲಿ ಉಳಿದಿರೋದೇ ನಿಂದು ಅಂತಾಯ್ತಲ್ಲ?"

ಹೌದಲ್ಲ! ಅಷ್ಟು ಹೊತ್ತು ಅತ್ತರೂ ನನಗಿದು ಹೊಳೆದಿರಲಿಲ್ಲ.

"ಸರಿ, ಈಗ ಊಟ ಮಾಡ್ತೀನಿ ಬಿಡು," ಎಂದರು ಅಮ್ಮ. "ನಿನ್ನೆಯಿಂದ ಗಂಟಲಲ್ಲಿ ಇಳೀತಿರ್ಲಿಲ್ಲ."

ಗಂಟೆ ಆಗ ಸಂಜೆ ನಾಲ್ಕು.

ಇನ್ನು ಎರಡು ತಿಂಗಳು ಕಾಯುವುದು ದೊಡ್ಡದು ಎನ್ನಲು ನನಗೆ ಬಾಯಿ ಬಂದೀತೇ, ನೀವೇ ಹೇಳಿ.