ಹನ್ನೆರಡು ಪದಗಳಿಗಾಗಿ ಪಾವಗಡದವರೆಗೆ

ಕೊರಟಗೆರೆಯಲ್ಲಿ ಬೆಳಗಿನ ಮಧುಗಿರಿ ಬಸ್ಸು ಹತ್ತಿದಾಗ ಕಂಡಕ್ಟರು ನನಗೆ ಸೊನ್ನೆ ರೂಪಾಯಿಯ ಟಿಕೆಟ್ಟು ಕೊಟ್ಟು, ಪಕ್ಕದಲ್ಲಿದ್ದ ಕುಮುದಿನಿಯ ಆಧಾರ್ ಕಾರ್ಡು ಕೇಳಿದ. ಅವಳು ಲಂಕೆಯವಳು ಎಂದೆ.

"ಅಂಗಾದ್ರೆ ದುಡ್ಡು ಕೊಡ್ಬೇಕು ಕಣಮ್ಮ. ಸೀತಮ್ಮನೇ ಅಲ್ಲಿಂದ ವಾಪಸ್ ಬಂದ್ರೂ ಟಿಕೆಟ್ ತಗೋಬೇಕು" ಎಂದು ನಕ್ಕ. ಕುಮುದಿನಿಯೂ ನಕ್ಕಳು. ಎರಡು ದಿನದಿಂದ ಅವಳು ನಕ್ಕಿದ್ದು ಅದೇ ಮೊದಲು.

ತುಮಕೂರಿನಲ್ಲಿ ನಾವು ಐದು ಜನ ಒಟ್ಟಿಗೆ ನರ್ಸಿಂಗ್ ಓದಿದವರು. ಕೊರಟಗೆರೆಯ ನಾನು, ಮಧುಗಿರಿಯ ರತ್ನ, ಶಿರಾದ ಶಮೀಮ್, ಪಾವಗಡದ ಲಕ್ಷ್ಮೀದೇವಿ, ಮತ್ತೆ ಸಮುದ್ರ ದಾಟಿ ಬಂದು ನಮ್ಮ ಮುದ್ದೆ ಸಾರಿಗೆ ಒಗ್ಗಿಹೋದ ಈ ಕುಮುದಿನಿ. ಈಗ ಅವಳ ತಾಯಿಯನ್ನು ಅದೇ ತುಮಕೂರಿನ ಒಂದು ಆಸ್ಪತ್ರೆಗೆ ಸೇರಿಸಿದ್ದರು. ಹೃದಯದ ವಾಲ್ವ್ ಬದಲಾಯಿಸಬೇಕು, ಸೋಮವಾರದೊಳಗೆ ಹಣ ಕಟ್ಟಬೇಕು. ಹಣ ಇತ್ತು. ಅದು ಇದ್ದ ಜಾಗಕ್ಕೆ ಕೈ ಹಾಕಲು ಆಗುತ್ತಿರಲಿಲ್ಲ, ಅಷ್ಟೇ.

ಲಂಕೆಯಲ್ಲಿ ಜನ ಪೆಟ್ರೋಲಿಗೆ, ಹಾಲಿನ ಪುಡಿಗೆ, ಮಾತ್ರೆಗೆ ಸಾಲು ನಿಂತಿದ್ದ ವರ್ಷ ಹೊರದೇಶದ ಯಾರೋ ಪುಣ್ಯಾತ್ಮರು ಅಲ್ಲಿನವರಿಗೆ ಕ್ರಿಪ್ಟೋ ನಾಣ್ಯ ಹಂಚಿದ್ದರು. ಕೊಟ್ಟವರ ಹೆಸರಿಲ್ಲ, ಊರಿಲ್ಲ. ಕುಮುದಿನಿ ತನ್ನ ಪಾಲನ್ನು ಮುಟ್ಟದೆ ಇಟ್ಟುಕೊಂಡಿದ್ದಳು, ಅದು ಅಲ್ಲೇ ಬೆಳೆದಿತ್ತು. ಅದರ ಬೀಗದ ಕೈ ಎಂದರೆ ಹನ್ನೆರಡು ಇಂಗ್ಲಿಷ್ ಪದಗಳು. ಎಲ್ಲೂ ಬರೆದಿಡಬೇಡ, ಫೋನಿನಲ್ಲಿ ಹೇಳಬೇಡ ಎಂದು ಯಾರೋ ಹೆದರಿಸಿದ್ದರಂತೆ. ಮರುವರ್ಷ ನಮ್ಮನ್ನು ನೋಡಲು ಬಂದವಳು ಸಿದ್ದರಬೆಟ್ಟ ಹತ್ತಿಸಿ, ಒಬ್ಬೊಬ್ಬರ ಕಿವಿಯಲ್ಲಿ ಮೂರು ಮೂರು ಪದ ಹೇಳಿ ಆಣೆ ಹಾಕಿಸಿಕೊಂಡಳು. ಕಚ್ಚಿ ನೋಡಲಾಗದ ನಾಣ್ಯ ಎಂಥದ್ದು ಎಂದು ನಾನು ಅವತ್ತು ಗೇಲಿ ಮಾಡಿದ್ದೆ. ಹೋದ ತಿಂಗಳು ಆ ನಾಣ್ಯವಿದ್ದ ಅವಳ ಫೋನು ನೀರಿಗೆ ಬಿತ್ತು. ತಾಯಿಯ ಚಿಂತೆಯಲ್ಲಿ ಪದಗಳೂ ಮರೆತುಹೋಗಿದ್ದವು. ಆಣೆ ಆಣೆಯೇ ಎಂದು ಫೋನಿನಲ್ಲಿ ಕೇಳದೆ ಬಸ್ಸು ಹಿಡಿದಿದ್ದೆವು.

ನನ್ನ ಮೂರು ಪದಗಳನ್ನು ಬಸ್ಸಿನಲ್ಲೇ ಅವಳ ಕಿವಿಗೆ ಹಾಕಿದೆ.

ಮಧುಗಿರಿ ಹತ್ತಿರವಾದಂತೆ ಏಕಶಿಲಾ ಬೆಟ್ಟ ಕಿಟಕಿಯ ತುಂಬ ನಿಂತಿತು. ಹುಟ್ಟಿದಾಗಿನಿಂದ ನೋಡಿದ ಬೆಟ್ಟವೇ, ಆದರೂ ಪ್ರತಿ ಸಲ ಮಾತು ನಿಲ್ಲುತ್ತದೆ. ರತ್ನ ಈಗ ನರ್ಸ್ ಕೆಲಸ ಬಿಟ್ಟು ಬಟ್ಟೆ ಅಂಗಡಿ ಇಟ್ಟಿದ್ದಾಳೆ. ಗಿರಾಕಿಗಳನ್ನು ಗಂಡನಿಗೆ ಒಪ್ಪಿಸಿ, ಸೀರೆಗಳ ಹಿಂದೆ ಕುಮುದಿನಿಯನ್ನು ಕರೆದೊಯ್ದು ಕಿವಿಯಲ್ಲಿ ಉಸುರಿದಳು.

"ಜಾಂಡೀಸ್ ಬಂದು ಹೋಗೇಬುಡ್ತೀನಿ ಅನ್ಕಂಡಿದ್ದೆ ಕಣೇ. ಆಗ್ಲೂ ಈ ಮನುಷ್ಯಂಗೆ ಬಾಯಿ ಬುಟ್ಟಿಲ್ಲ" ಎಂದು ಗಂಡನತ್ತ ಕಣ್ಣು ಮಾಡಿದಳು. ಅವನು ಸೀರೆ ಮಡಿಸುತ್ತ, ಏನು ವಿಷಯ ಎಂದೂ ಕೇಳಲಿಲ್ಲ.

ಶಿರಾ ತಲುಪುವಾಗ ಬಿಸಿಲು ನೆತ್ತಿಗೇರಿತ್ತು. ಶಮೀಮ್ ಖುಷ್ಕಾ, ದಾಲ್ಚಾ ಮಾಡಿಟ್ಟು ಬಾಗಿಲಲ್ಲೇ ಕಾಯುತ್ತಿದ್ದಳು. ಊಟಕ್ಕೆ ಮೊದಲು ಪದ ಎಂದಳು ಕುಮುದಿನಿ. ಪದಕ್ಕೆ ಮೊದಲು ಊಟ ಎಂದಳು ಶಮೀಮ್, ಗೆದ್ದಳು ಕೂಡ.

"ಫಜರ್ ನಮಾಜ್ ಆದ್ಮೇಲೆ ದಿನಾ ಒಂದ್ಸಲ ಮನಸ್ನಾಗೆ ಹೇಳ್ಕೊತಿದ್ದೆ. ಅಮಾನತ್ ಅಲ್ವೇನೇ, ಮರೆತ್ರೆ ಅಲ್ಲಾಗೆ ಏನಂತ ಜವಾಬು ಕೊಡ್ಲಿ?" ಎಂದಳು. ನಂಬಿ ಒಪ್ಪಿಸಿದ ವಸ್ತುವಿಗೆ ಅವರಲ್ಲಿ ಅಮಾನತ್ ಎನ್ನುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಪದಗಳನ್ನು ಅವಳು ಹೀಗೆ ಕಾದಿದ್ದಾಳೆಂದು ಕೇಳಿ ನನ್ನ ಗೇಲಿಯೆಲ್ಲ ಇಳಿದುಹೋಯಿತು.

ಪಾವಗಡದ ಬಸ್ಸಿನ ತುಂಬ ಕಡಲೆಕಾಯಿ ಸಿಪ್ಪೆ. ಮುಂದೆ ಹೋದಂತೆ ಸುತ್ತಲಿನ ಮಾತು ಅರ್ಧ ತೆಲುಗಾಯಿತು. ಲಕ್ಷ್ಮೀದೇವಿಯ ಹಳ್ಳಿ ತಿರುಮಣಿ ಕಡೆಗಿದೆ. ಆಟೋ ಏರು ಹತ್ತಿದಾಗ ಕುಮುದಿನಿ ನನ್ನ ತೋಳು ಹಿಡಿದಳು. "ಇಷ್ಟು ದೊಡ್ಡ ಕೆರೆ ಇದೆ ಅಂತ ನೀನು ಹೇಳಲೇ ಇಲ್ಲ." ಅದು ಕೆರೆಯಲ್ಲ, ಸೋಲಾರ್ ಹಲಗೆಗಳು. ಗುಡ್ಡದಿಂದ ಗುಡ್ಡಕ್ಕೆ ಹಾಸಿಕೊಂಡು ಬಿಸಿಲು ಕುಡಿಯುತ್ತಿದ್ದವು. ಆಟೋದವನೂ ತನ್ನದೇ ಎಂಬಂತೆ ಹೆಮ್ಮೆಯಿಂದ ಗಾಡಿ ನಿಧಾನ ಮಾಡಿದ.

"ರಾ ತಲ್ಲಿ" ಎಂದು ಬರಮಾಡಿಕೊಂಡ ಲಕ್ಷ್ಮೀದೇವಿ ಕೈ ಒರೆಸಿಕೊಂಡು ಬಂದು ತನ್ನ ಮೂರು ಪದ ಒಪ್ಪಿಸಿದಳು. ಕುಮುದಿನಿ ಹೊಸ ಫೋನಿನಲ್ಲಿ ಹನ್ನೆರಡನ್ನೂ ಒತ್ತಿದಳು. ತಪ್ಪು ಎಂದು ಕೆಂಪು ಅಕ್ಷರ ಬಂತು. ಮತ್ತೆ ಒತ್ತಿದಳು. ಮತ್ತೆ ಕೆಂಪು. ನಮ್ಮಲ್ಲಿ ಯಾರು ಮರೆತೆವು? ನನ್ನವೇ ತಪ್ಪಿದ್ದರೆ? ತುಮಕೂರಿನ ವಾರ್ಡಿನಲ್ಲಿ ಉಸಿರಿಗೆ ಕಷ್ಟಪಡುತ್ತಿದ್ದ ಆ ಅಮ್ಮ ಕಣ್ಣೆದುರು ಬಂದರು.

ಆಗ ಲಕ್ಷ್ಮೀದೇವಿ ಮೆಲ್ಲಗೆ, "ವರಸೆ ಹಿಂದೆ ಮುಂದೆ ಆದ್ರೆ ನಡ್ಯಾಕಿಲ್ವಾ?" ಎಂದಳು.

ದಿನಾ ಸಂಜೆ ದೀಪ ಹಚ್ಚಿ, ದೇವರ ಮುಂದೆ ನಿಂತೇ ಅವಳು ಆ ಪದಗಳನ್ನು ಹೇಳಿಕೊಳ್ಳುತ್ತಿದ್ದಳಂತೆ. ಈಗ ಬೀಗ ಬದಲಾಗಿದೆ, ಆದ್ದರಿಂದ ಹೇಳಬಹುದು: ರೈಸ್, ಲ್ಯಾಂಪ್, ಘೋಸ್ಟ್. "ದೀಪದ ಮುಂದೆ ನಿಂತ್ಕಂಡು ದೆವ್ವ ಅಂತ ಮಾತು ಮುಗ್ಸಾಕಾಯ್ತದಾ? ಅದ್ನ ಮೊದ್ಲೇ ಅಂದ್ಬುಟ್ಟು, ಅಕ್ಕಿ ದೀಪ ಅಂತ ಒಳ್ಳೇದ್ರಾಗೆ ಮುಗಿಸ್ತಿದ್ದೆ. ಅಂಗೇ ಬಾಯಿಗೆ ಬಂದ್ಬುಡ್ತು."

ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಹೋಗುತ್ತೇನೆ ಎನ್ನದೆ ಹೋಗಿಬರುತ್ತೇನೆ ಎನ್ನುವ ಮನೆಗಳಲ್ಲಿ ಬೆಳೆದವರು ನಾವು. ಕುಮುದಿನಿ ದೆವ್ವವನ್ನು ಕೊನೆಗೆ ಕಳಿಸಿದಳು. ಬೀಗ ತೆರೆಯಿತು.

ಕಾಣದವರು ಕೊಟ್ಟದ್ದು ನಮಾಜಿನ ನಂತರ, ದೀಪದ ಮುಂದೆ, ಜಾಂಡೀಸಿನ ಹಾಸಿಗೆಯಲ್ಲಿ ಉಳಿದುಕೊಂಡು ಬಂದಿತ್ತು. ಕುಮುದಿನಿ ನಾಣ್ಯವನ್ನು ಲಂಕೆಯಲ್ಲಿದ್ದ ತಮ್ಮನಿಗೆ ಕಳಿಸಿದಳು. ಅವನು ಅದನ್ನು ಹಣ ಮಾಡಿಸಿ, ನೇರ ಆಸ್ಪತ್ರೆಗೆ ಕಟ್ಟುವುದೆಂದು ಮೊದಲೇ ಮಾತಾಗಿತ್ತು. ನಾವು ಕಾಫಿ ಕುಡಿದು, ಪಟ್ಟಾಂಗ ಹೊಡೆದು ಹೊರಡುವ ಹೊತ್ತಿಗೆ ಅವನ ಫೋನು ಬಂತು. ಕಟ್ಟಿ ಆಯಿತು ಎಂದ. ಕುಮುದಿನಿ ಗೋಡೆಗೆ ಒರಗಿ ಅತ್ತಳು.

ಲಕ್ಷ್ಮೀದೇವಿ ಅವಳನ್ನು ಮಣೆಯ ಮೇಲೆ ಕೂರಿಸಿ, ಕುಂಕುಮವಿಟ್ಟು, ಸೆರಗಿಗೆ ಅಕ್ಕಿ, ಕಾಯಿ, ಬೆಲ್ಲ ಸುರಿದು ಮಡಿಲು ತುಂಬಿದಳು. ಆಮೇಲೆ ಖಾಲಿ ಮೊರ ಒಡ್ಡಿ, "ಮೂರು ಹಿಡಿ ವಾಪಸ್ ಹಾಕಮ್ಮಾ. ಕೊಟ್ಟ ಮನೆ ಬರಿದಾಗ್ಬಾರ್ದು ಕದಾ" ಎಂದಳು.

ಕುಮುದಿನಿ ಮೂರು ಹಿಡಿ ಹಾಕಿದಳು. ಸೆರಗು ಕಟ್ಟಿಕೊಳ್ಳದೆ ಹಾಗೇ ಕೂತಳು.

"ಆ ನಾಣ್ಯ ಕೊಟ್ಟವರ ಮನೆ ಎಲ್ಲಿದೆ ಅಂತ ನನಗೆ ಗೊತ್ತಿಲ್ಲ. ಅವರ ಮೂರು ಹಿಡಿ ಎಲ್ಲಿ ಹಾಕಲಿ?"

ಲಕ್ಷ್ಮೀದೇವಿ ಮೊದಲಿನ ಅಕ್ಕಿಯನ್ನು ಒಳಗಿಟ್ಟು ಬಂದು, ಅದೇ ಮೊರವನ್ನು ಮತ್ತೆ ಒಡ್ಡಿದಳು. "ಇದ್ರಾಗೇ ಹಾಕು. ಗುರ್ತಿಲ್ಲದೋರು ಯಾರಾದ್ರೂ ಹಸ್ಕೊಂಡು ಬಂದ್ರೆ ಬೇಯಿಸಿ ಹಾಕ್ತೀನಿ."

ಆಟೋ ಹೊರಟಾಗ ತಿರುಗಿ ನೋಡಿದೆ. ಸಂಜೆ ಬಿಸಿಲಿನಲ್ಲಿ, ಹೊಸ್ತಿಲ ಮೇಲೆ ಕೂತು, ಲಕ್ಷ್ಮೀದೇವಿ ಆ ಮೂರು ಹಿಡಿ ಅಕ್ಕಿಯನ್ನು ಬೇರೆ ಡಬ್ಬಿಗೆ ತುಂಬುತ್ತಿದ್ದಳು.